ಪರೀಕ್ಷೆಯ ಹಿಂದಿನ ರಾತ್ರಿ ಬ್ರಾಹ್ಮಿ ಟೀ

ಮಾರ್ಚ್ ಬಂದರೆ ಸಾಕು, ಎಸ್ಸೆಸ್ಸೆಲ್ಸಿ ಮಕ್ಕಳಿರುವ ಎಷ್ಟೋ ಮನೆಗಳಿಗೆ ಬ್ರಾಹ್ಮಿ ಟೀ ಪ್ಯಾಕೆಟ್ ಬರುತ್ತದೆ. ಬಿಸಿನೀರಲ್ಲಿ ಅದ್ದಿ, ಜೇನು ಬೆರೆಸಿ, ಓದುವ ಮೇಜಿಗೇ ಸರಬರಾಜು. ಬ್ರಾಹ್ಮಿಯಲ್ಲಿ ಏನೂ ಇಲ್ಲ ಅಂತಲ್ಲ. ಇದೆ. ಆದರೆ ಅದಕ್ಕೆ ನಮ್ಮಷ್ಟು ಅವಸರವಿಲ್ಲ.

ಬ್ರಾಹ್ಮಿ ಅಂತ ಕರೆಯುವ ಗಿಡಗಳು ಎರಡು. ಮೊದಲು ಪ್ಯಾಕೆಟ್ಟಿನ ಹಿಂಬದಿ ನೋಡಿ. ಸೆಂಟೆಲ್ಲಾ ಏಷ್ಯಾಟಿಕಾ ಎಂದಿದ್ದರೆ ಅದು ಒಂದೆಲಗ. ಗದ್ದೆಯ ಬದುವಿನಲ್ಲಿ ಹಬ್ಬಿ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ಉದ್ದ ತೊಟ್ಟಿನ ತುದಿಯಲ್ಲಿ ದುಂಡನೆಯ ಎಲೆ ಬಿಡುವ ಗಿಡ. ಮಲೆನಾಡು, ಕರಾವಳಿಯವರು ತಂಬುಳಿ ಮಾಡುವುದು ಇದರಿಂದಲೇ. ಬಕೋಪಾ ಮೊನಿಯೇರಿ ಎಂದಿದ್ದರೆ ನೀರು ಬ್ರಾಹ್ಮಿ. ಪುಟ್ಟ ದಪ್ಪ ಎಲೆಗಳು ಜೋಡಿಜೋಡಿಯಾಗಿರುತ್ತವೆ, ಬಾಯಿಗಿಟ್ಟರೆ ಕಹಿ. ಎರಡೂ ಬೇರೆ ಬೇರೆ ಕುಟುಂಬದವು. ಒಂದೆಲಗಕ್ಕೆ ನೆಂಟಸ್ತಿಕೆ ಇರುವುದು ಕೊತ್ತಂಬರಿ, ಜೀರಿಗೆಗಳ ಜೊತೆ!

ಆಸ್ಟ್ರೇಲಿಯಾದವರು ನೀರು ಬ್ರಾಹ್ಮಿಯನ್ನು ಮನುಷ್ಯರ ಮೇಲೆ ಚೆನ್ನಾಗಿ ಪರೀಕ್ಷಿಸಿದ್ದಾರೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 300 ಮಿಲಿಗ್ರಾಂ ಸಾರವನ್ನು ಒಂದೇ ಸಲ ಕೊಟ್ಟು, 2 ಗಂಟೆ ಬಿಟ್ಟು ನೋಡಿದರು. ಏನೂ ಬದಲಾಗಿರಲಿಲ್ಲ. 2002ರಲ್ಲಿ ಬಂದ ಇನ್ನೊಂದರಲ್ಲಿ 40ರಿಂದ 65 ವಯಸ್ಸಿನ 76 ಜನ ಭಾಗವಹಿಸಿದ್ದರು. ಕೆಲವರಿಗೆ ಬ್ರಾಹ್ಮಿ, ಉಳಿದವರಿಗೆ ಔಷಧವೇ ಇಲ್ಲದ ಸುಳ್ಳು ಮಾತ್ರೆ, 3 ತಿಂಗಳು. ನನಗೆ ಬಹಳ ಇಷ್ಟವಾದ ಫಲಿತಾಂಶ ಇದು: ಬ್ರಾಹ್ಮಿ ತಿಂದವರು ಬೇಗ ಕಲಿಯಲಿಲ್ಲ. ಹೊಸದಾಗಿ ಕಲಿತದ್ದನ್ನು ಮರೆಯುವುದು ಕಡಿಮೆಯಾಯಿತು, ಅಷ್ಟೆ.

ಇಷ್ಟು ನಿಧಾನ ಯಾಕೆ? ಒಂದು ಸುಳಿವು ಮಣಿಪಾಲದಲ್ಲಿದೆ, ಅದು ಇನ್ನೊಂದು ಬ್ರಾಹ್ಮಿಯಾದ ಒಂದೆಲಗದ್ದು. ಅಲ್ಲಿನ ಸಂಶೋಧಕರು ಬೆಳೆಯುವ ವಯಸ್ಸಿನ ಇಲಿಗಳಿಗೆ ಒಂದೆಲಗದ ಹಸಿ ರಸವನ್ನು 2, 4, 6 ವಾರ ಕುಡಿಸಿ, ಮಿದುಳಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಕ್ಕೆ ಡೆಂಡ್ರೈಟ್ ಎಂಬ ಎಳೆಗಳಿರುತ್ತವೆ. ಪಕ್ಕದ ಕೋಶಗಳ ಸಂದೇಶ ಬಂದು ಸೇರುವುದು ಮುಖ್ಯವಾಗಿ ಅಲ್ಲೇ. ಹೆಚ್ಚು ರಸವನ್ನು ಹೆಚ್ಚು ವಾರ ಕುಡಿದ ಇಲಿಗಳಲ್ಲಿ ಈ ಎಳೆಗಳು ಉದ್ದವಾಗಿದ್ದವು, ಜಾಸ್ತಿ ಕವಲೊಡೆದಿದ್ದವು. ಮಳೆ ಬಿದ್ದ ಮರುದಿನವೇ ಮಾವಿನ ಗಿಡ ಟಿಸಿಲೊಡೆಯುವುದಿಲ್ಲ, ಅಲ್ವಾ? ಇದೂ ಹಾಗೇ. ಆ ಇಲಿಗಳಿಗೆ ಕೊಟ್ಟದ್ದು ದೇಹದ ಪ್ರತಿ ಕೆ.ಜಿ. ತೂಕಕ್ಕೆ 6 ಮಿಲಿಲೀಟರ್‌ವರೆಗೆ ಹಸಿ ರಸ. ಇಲಿಯ ಲೆಕ್ಕ ಮನುಷ್ಯರಿಗೆ ನೇರವಾಗಿ ಹೊಂದುವುದಿಲ್ಲ, ನಿಜ. ಆದರೂ ಒಣಗಿಸಿ ಪುಡಿಮಾಡಿದ ಒಂದು ಚಿಟಿಕೆ ಎಲೆಯನ್ನು ಬಿಸಿನೀರಲ್ಲಿ ಅದ್ದುವುದು ಅದರ ಹತ್ತಿರಕ್ಕೂ ಬರುವುದಿಲ್ಲ.

ಕುಡಿದ ಅರ್ಧ ಗಂಟೆಯಲ್ಲೇ ಚುರುಕಾಗಬೇಕು ಎಂದರೆ ಮಾಮೂಲಿ ಚಹಾ ಇದೆಯಲ್ಲ. ಅದರ ಕೆಫೀನ್ ತೂಕಡಿಕೆ ತರಿಸುವ ಅಡೆನೊಸಿನ್‌ಗೆ ಅಡ್ಡ ನಿಲ್ಲುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಕುಡಿದರೆ ನಿದ್ದೆ ಹೋಯಿತು. ಓದಿದ್ದು ಗಟ್ಟಿಯಾಗುವುದು ಬಹುಪಾಲು ಆ ನಿದ್ದೆಯಲ್ಲೇ.

ನೆನಪಿನ ಶಕ್ತಿಗೆಂದು ಮಾರುವ ಗಿಂಕೊ ಎಂಬ ಮರದ ಎಲೆಯ ಬಗ್ಗೆಯೂ ಕೇಳುತ್ತಾರೆ. ಅಮೆರಿಕದಲ್ಲಿ 75 ದಾಟಿದ 3,069 ಜನರಿಗೆ ಸುಮಾರು 6 ವರ್ಷ ಅದನ್ನೋ ಸುಳ್ಳು ಮಾತ್ರೆಯನ್ನೋ ಕೊಟ್ಟು ನೋಡಿದರು. ಮರೆವಿನ ಕಾಯಿಲೆಯನ್ನು ಗಿಂಕೊ ತಡೆಯಲಿಲ್ಲ ಎಂದು 2008ರಲ್ಲಿ ಹೇಳಿದರು.

ನನಗೆ ಚಿಂತೆ ಮಕ್ಕಳದ್ದಲ್ಲ, ಅವರು ಹೇಗೋ ಪಾಸಾಗುತ್ತಾರೆ. ಮನೆಯ ಹಿರಿಯರದ್ದು. ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಥೈರಾಯ್ಡ್ ಮಂದವಾದರೂ ಬರುತ್ತದೆ. ಎರಡನ್ನೂ ರಕ್ತಪರೀಕ್ಷೆಯಲ್ಲಿ ಕಂಡುಹಿಡಿಯಬಹುದು, ಎರಡಕ್ಕೂ ಔಷಧಿ ಇದೆ. ಅಜ್ಜಿಗೆ ಟೀ ಬೇಕಿದ್ದರೆ ಕೊಡಿ, ಜೊತೆಗೆ ಆ ಪರೀಕ್ಷೆಯನ್ನೂ ಮಾಡಿಸಿ.