ನಾಲ್ಕು ಮನೆಗಳ ಲೆಕ್ಕ

ಹತ್ತೊಂಬತ್ತನೇ ಶತಮಾನದ ಪಂಡಿತರಲ್ಲಿ ಹೆಚ್ಚಿನವರು ತಂದೆ ತಾಯಿಯರ ಗುಣಗಳು ಮಕ್ಕಳಲ್ಲಿ ಬೆರೆತು ಒಂದಾಗುತ್ತವೆ ಎಂದು ನಂಬಿದ್ದರು. ಹಾಗಿದ್ದರೆ ಅಜ್ಜನ ಗುಣ ಮಗನಲ್ಲಿ ಕಾಣೆಯಾಗಿ ಮೊಮ್ಮಗನಲ್ಲಿ ಮರಳುವುದು ಹೇಗೆ?

ಇದಕ್ಕೆ ಉತ್ತರ ಸಿಕ್ಕಿದ್ದು ಇಂದಿನ ಚೆಕ್ ದೇಶದ ಬ್ರ್ನೋ ನಗರದ ಮಠವೊಂದರ ತೋಟದಲ್ಲಿ. ಅಲ್ಲಿನ ಸನ್ಯಾಸಿ ಗ್ರೆಗರ್ ಮೆಂಡೆಲ್ 1856ರಿಂದ ಹಲವು ವರ್ಷ ಬಟಾಣಿ ಬೆಳೆದರು. ಅದಕ್ಕಿಂತ ಮುಖ್ಯವಾಗಿ, ಕಾಳುಗಳನ್ನು ಎಣಿಸಿದರು. ದುಂಡು ಕಾಳಿನ ತಳಿಗೆ ಸುಕ್ಕು ಕಾಳಿನ ತಳಿಯನ್ನು ಕೂಡಿಸಿದಾಗ ಬಂದವೆಲ್ಲ ದುಂಡು ಕಾಳುಗಳೇ. ಅವನ್ನು ಬಿತ್ತಿ, ತಮ್ಮಷ್ಟಕ್ಕೆ ಫಲಿಸಲು ಬಿಟ್ಟಾಗ ಮುಂದಿನ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು! ಸುಕ್ಕು ಅಳಿದಿರಲಿಲ್ಲ, ಅಡಗಿತ್ತು. ಪ್ರತಿ ಗುಣಕ್ಕೂ ತಂದೆಯಿಂದೊಂದು, ತಾಯಿಯಿಂದೊಂದು ಅಂಶ ಬರುತ್ತದೆ. ಪ್ರಬಲ ಅಂಶ ಒಂದೇ ಇದ್ದರೂ ಮೆರೆಯುತ್ತದೆ, ದುರ್ಬಲ ಅಂಶ ಜೋಡಿಯಾದರೆ ಮಾತ್ರ ಮುಖ ತೋರಿಸುತ್ತದೆ. ಇದನ್ನು ವಿವರಿಸಿ 1866ರಲ್ಲಿ ಅಚ್ಚಾದ ಅವರ ಪ್ರಬಂಧದ ಬೆಲೆ ವಿಜ್ಞಾನಲೋಕಕ್ಕೆ ತಿಳಿದದ್ದು 1900ರಲ್ಲಿ, ಮೆಂಡೆಲ್ ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ.

ಈ ಲೆಕ್ಕಕ್ಕೆ ಶಾಲೆಯಲ್ಲಿ ನಾವು ಬರೆಯುವ ನಾಲ್ಕು ಮನೆಗಳ ಚೌಕ ಮೆಂಡೆಲರದ್ದಲ್ಲ. ಅದು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೇಂಬ್ರಿಡ್ಜ್‌ನ ತಳಿವಿಜ್ಞಾನಿ ರೆಜಿನಾಲ್ಡ್ ಪನೆಟ್ ರೂಪಿಸಿದ್ದು. ದುಂಡಿಗೆ ‘ದ’, ಸುಕ್ಕಿಗೆ ‘ಸ’ ಎನ್ನೋಣ. ಎರಡೂ ಅಂಶಗಳಿರುವ ಎರಡು ಗಿಡಗಳಲ್ಲಿ ಒಂದರ ಅಂಶಗಳನ್ನು ಮೇಲೆ, ಇನ್ನೊಂದರವನ್ನು ಪಕ್ಕದಲ್ಲಿ ಬರೆದರೆ ಮನೆಗಳಲ್ಲಿ ದದ, ದಸ, ಸದ, ಸಸ ತುಂಬುತ್ತವೆ. ಮೂರು ದುಂಡು, ಒಂದು ಸುಕ್ಕು.

ಈ ಸರಳತೆಯೇ ಜನರನ್ನು ದಾರಿ ತಪ್ಪಿಸಿದೆ. ತಂದೆ ತಾಯಿ ಇಬ್ಬರೂ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಾಗಿದ್ದರೆ, ಅಂದರೆ ಅದರ ದುರ್ಬಲ ಅಂಶ ಇಬ್ಬರಲ್ಲೂ ಒಂದೊಂದು ಅಡಗಿದ್ದರೆ, ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಇದನ್ನು ‘ನಾಲ್ಕು ಮಕ್ಕಳಲ್ಲಿ ಒಂದಕ್ಕೆ’ ಎಂದು ಓದಿಕೊಂಡು, ಮೊದಲ ಮಗುವಿಗೆ ಬಂದಾಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವವರಿದ್ದಾರೆ. ಪ್ರತಿ ಗರ್ಭಧಾರಣೆಗೂ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ. ಹಿಂದಿನ ಮಗುವಿನ ಫಲ ಮುಂದಿನದಕ್ಕೆ ಜಮೆಯಾಗುವುದಿಲ್ಲ.

ಕಣ್ಣಿನ ಬಣ್ಣದ ಕಥೆ ಇನ್ನೂ ಕೆಟ್ಟದ್ದು. ನೀಲಿ ಕಣ್ಣು ಒಂದೇ ಜೀನಿನ (ಮೆಂಡೆಲರ ‘ಅಂಶ’ಕ್ಕೆ ಇಂದಿನ ಹೆಸರು) ದುರ್ಬಲ ಗುಣ ಎಂಬ ವಾದ 1907ರ ಹೊತ್ತಿಗೆ ಹುಟ್ಟಿ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಬೇರೂರಿತು. ಅದರ ಪ್ರಕಾರ ನೀಲಿ ಕಣ್ಣಿನ ದಂಪತಿಗೆ ಕಂದು ಕಣ್ಣಿನ ಮಗು ಹುಟ್ಟುವಂತೆಯೇ ಇಲ್ಲ. ಆದರೆ ಹಾಗೆ ಹುಟ್ಟುವುದು ಅಪರೂಪವಾದರೂ ಸಾಧ್ಯ, ಏಕೆಂದರೆ ಆ ಬಣ್ಣದ ಹಿಂದೆ ಹಲವು ಜೀನುಗಳಿವೆ. ಅರೆಬರೆ ಪಾಠ ನಂಬಿ ತಾಯಿಯ ನಡತೆಯನ್ನು ಶಂಕಿಸುವುದು ಶುದ್ಧ ಅನ್ಯಾಯ.

ರಕ್ತದ ಗುಂಪಿನ ವಿಷಯದಲ್ಲಿ ಚೌಕ ಇಂದಿಗೂ ಬಹುಮಟ್ಟಿಗೆ ನಂಬಿಕಸ್ತ: ಎ ಮತ್ತು ಬಿ ಗುಂಪಿನ ದಂಪತಿಗೆ ಒ ಗುಂಪಿನ ಮಗು ಏಕೆ ಹುಟ್ಟಬಹುದೆಂದು ಅದು ಸಲೀಸಾಗಿ ತೋರಿಸುತ್ತದೆ. ಎತ್ತರಕ್ಕೆ ಬಂದರೆ ಅದು ಕೈಚೆಲ್ಲುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಎತ್ತರಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ಜೀನ್ ವ್ಯತ್ಯಾಸಗಳನ್ನು ಗುರುತಿಸಿತು. ಅದರ ಮೇಲೆ ಬಾಲ್ಯದ ಪೋಷಣೆಯ ಪಾಲು ಬೇರೆ.