ರಾತ್ರಿ ಒಂಬತ್ತೂವರೆಯ ಮಿಸ್ಡ್ ಕಾಲ್

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ನನ್ನನ್ನು ನೋಡಲು ಬಂದಿದ್ದರು. ಕೂತವರೇ ಬ್ಯಾಗಿನಿಂದ ಎರಡು ಫೋನ್ ತೆಗೆದು ಮೇಜಿನ ಮೇಲಿಟ್ಟರು. ಒಂದು ಅವರದು. ಇನ್ನೊಂದು ಅವರ ಯಜಮಾನರದು. ಯಜಮಾನರು ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಬೆಳಿಗ್ಗೆ ಹಾಲು ತರಲು ಹೋದವರು ದಾರಿಯಲ್ಲೇ ಕುಸಿದಿದ್ದರು. ಹೃದಯಾಘಾತ.

“ಇದನ್ನ ದಿನಾ ಚಾರ್ಜಿಗೆ ಹಾಕ್ತೀನಿ ಮೇಡಂ. ರೀಚಾರ್ಜೂ ಮಾಡಿಸ್ತೀನಿ. ಹೋದವರ ಫೋನು ಹೀಗೆ ಇಟ್ಕೊಂಡು ಕೂರಬಾರದು ಅಂತ ನಮ್ಮತ್ತೆ ಬೈತಾರೆ. ಆದ್ರೆ ನೋಡಿ ಇಲ್ಲಿ.”

ಸ್ಕ್ರೀನ್ ತುಂಬಾ ಮಿಸ್ಡ್ ಕಾಲ್‌ಗಳು. ಎಲ್ಲವೂ ‘ಪುಟ್ಟಿ’ ಎಂಬ ಹೆಸರಿನಿಂದ. ಎಲ್ಲವೂ ರಾತ್ರಿ ಒಂಬತ್ತೂವರೆಯ ಆಸುಪಾಸಿನವು. ಪುಟ್ಟಿ ಅವರ ಮಗಳು. 16 ವರ್ಷ, ಮೊದಲ ಪಿಯುಸಿ, ಬೇರೆ ಊರಿನ ಹಾಸ್ಟೆಲ್. ಅಲ್ಲಿ ರಾತ್ರಿ ಅರ್ಧ ಗಂಟೆ ಫೋನ್ ಕೊಡುತ್ತಾರೆ. ಮೊದಲು ಅಮ್ಮನಿಗೆ ಮಾಡಿ “ಊಟ ಆಯ್ತು, ಓದ್ಕೋತಿದೀನಿ” ಅನ್ನುತ್ತಾಳೆ. ಆಮೇಲೆ ಅಪ್ಪನ ನಂಬರಿಗೆ ಮಾಡುತ್ತಾಳೆ. ಅಪ್ಪ ಹಾಕಿಸಿಕೊಂಡಿದ್ದ ಕಾಲರ್ ಟ್ಯೂನ್ ಇನ್ನೂ ಇದೆ, ಒಂದು ದೇವರ ಹಾಡು. ಅದನ್ನು ಕೊನೆಯವರೆಗೂ ಕೇಳುತ್ತಾಳೆ.

“ಅದು ರಿಂಗ್ ಆಗೋವಾಗ ನಾನು ಪಕ್ಕದಲ್ಲೇ ಕೂತಿರ್ತೀನಿ” ಅಂದರು ಆ ತಾಯಿ. “ಎತ್ತೋಕೆ ಧೈರ್ಯ ಬರಲ್ಲ. ಅವಳು ನನ್ನ ಮುಂದೆ ಒಂದು ದಿನ ಅತ್ತಿಲ್ಲ. ನಾನೂ ಅವಳ ಮುಂದೆ ಅತ್ತಿಲ್ಲ.”

ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ಸಾವು ಕಂಡ ಮನೆಗಳಿಂದ ಹದಿಹರೆಯದ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪಂದಿರಲ್ಲಿ, ಅಮ್ಮಂದಿರಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಒಂದೇ ಸೂರಿನ ಕೆಳಗೆ ಇಬ್ಬರು ಒಬ್ಬರಿಂದೊಬ್ಬರು ದುಃಖ ಬಚ್ಚಿಡುತ್ತಾರೆ. ಪ್ರೀತಿಯಿಂದಲೇ ಬಚ್ಚಿಡುತ್ತಾರೆ. ಮಗು ನೊಂದುಕೊಳ್ಳಬಾರದು ಅಂತ ಅಮ್ಮ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಅಳುತ್ತಾಳೆ. ಅಮ್ಮ ನೊಂದುಕೊಳ್ಳಬಾರದು ಅಂತ ಮಗು ಹೊದಿಕೆಯೊಳಗೆ ಅಳುತ್ತದೆ.

ಇದನ್ನು ಕಲಿಸಿಕೊಡುವವರು ನಾವೇ. ಮಾತಾಡಿಸಲು ಬಂದ ನೆಂಟರು 14 ವರ್ಷದ ಹುಡುಗನ ಹೆಗಲ ಮೇಲೆ ಕೈಯಿಟ್ಟು “ಇನ್ಮೇಲೆ ಮನೆಗೆ ನೀನೇ ಗಂಡಸು, ಅಮ್ಮನ್ನ ನೋಡ್ಕೋಬೇಕು, ಅಳಬಾರದು” ಅನ್ನುತ್ತಾರೆ. ಹುಡುಗಿಗೆ “ನೀನೇ ಹೀಗೆ ಅತ್ತರೆ ಅಮ್ಮನಿಗೆ ಧೈರ್ಯ ಹೇಳೋರು ಯಾರು?” ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಹುಡುಗನಿಗೆ ಅದು ಅಪ್ಪಣೆ. ಹನ್ನೊಂದನೇ ದಿನದ ತಿಥಿ ಮುಗಿದು, ಶಾಮಿಯಾನ ಬಿಚ್ಚಿ, ಎಲ್ಲರೂ ಬಸ್ಸು ಹತ್ತಿದ ಮೇಲೂ ಅವನು ಅದನ್ನು ಪಾಲಿಸುತ್ತಲೇ ಇರುತ್ತಾನೆ. ದಯವಿಟ್ಟು ಆ ಮಾತನ್ನು ಮಕ್ಕಳಿಗೆ ಹೇಳಬೇಡಿ. ಬೇರೆ ಯಾರಾದರೂ ಹೇಳಿದ್ದರೆ ನೀವು ಬಾಯಿಬಿಟ್ಟು ವಾಪಸ್ ತೆಗೆದುಕೊಳ್ಳಿ: “ಮನೆ ನೋಡ್ಕೊಳ್ಳೋಕೆ ನಾನಿದ್ದೀನಿ. ನೀನು ಮಗನಾಗಿದ್ರೆ ಸಾಕು.”

ಪೋಷಕರು ನನ್ನಲ್ಲಿ ತರುವ ದೊಡ್ಡ ದೂರು ಬೇರೆಯೇ ಇರುತ್ತದೆ. “ತಿಂಗಳೂ ತುಂಬಿಲ್ಲ ಮೇಡಂ, ಫ್ರೆಂಡ್ಸ್ ಜೊತೆ ಕ್ರಿಕೆಟ್ ಆಡ್ತಾನೆ, ಮೊಬೈಲ್ ನೋಡ್ಕೊಂಡು ನಗ್ತಾನೆ. ಇವನಿಗೆ ಅಪ್ಪನ ನೆನಪೇ ಇಲ್ವಾ?” ಇದೆ. ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶೂಟ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದಕ್ಕೊಂದು ಒಳ್ಳೆಯ ವಿವರಣೆ ಕೊಟ್ಟರು. ದುಃಖದಲ್ಲಿರುವ ಮನಸ್ಸು ಉಯ್ಯಾಲೆಯ ಹಾಗೆ ಎರಡು ಕಡೆ ಓಡಾಡುತ್ತದೆ. ಒಮ್ಮೆ ಹೋದವರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ. ಈ ಓಡಾಟ ತಪ್ಪಲ್ಲ, ಮನಸ್ಸು ತಡೆದುಕೊಳ್ಳುವ ರೀತಿಯೇ ಅದು. ಹದಿಹರೆಯದವರಲ್ಲಿ ಇದು ಇನ್ನೂ ಜೋರು. ಸಂಜೆ ಆರಕ್ಕೆ ಸಿಕ್ಸರ್ ಹೊಡೆದು ಕೂಗಾಡಿದ ಹುಡುಗ ಎಂಟಕ್ಕೆ ಅಪ್ಪನ ಚಪ್ಪಲಿ ನೋಡಿ ಊಟ ಬಿಟ್ಟು ಏಳಬಹುದು. ಎರಡೂ ನಿಜ. ಆಟಕ್ಕೆ ಹೋಗಲು ಬಿಡಿ. ಒಂದಷ್ಟು ಹೊತ್ತು ಅವನು ಎಲ್ಲರ ಹಾಗೆ ಇರಬಲ್ಲ ಜಾಗ ಅದೊಂದೇ ಇರಬಹುದು.

ಇನ್ನು ಕೆಲವರು ಅಂತರ್ಜಾಲದಲ್ಲಿ ಓದಿಕೊಂಡು ಬರುತ್ತಾರೆ. “ದುಃಖಕ್ಕೆ ಐದು ಹಂತ ಇದೆಯಂತಲ್ಲ, ಇವಳು ಯಾವ ಹಂತದಲ್ಲಿದ್ದಾಳೆ?” ಆ ಐದು ಹಂತಗಳನ್ನು ಎಲಿಜಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಹೇಳಿದ್ದು, ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದ ಮಕ್ಕಳ ಬಗ್ಗೆ ಅಲ್ಲ. ನಿಮ್ಮ ಮಗಳು ಯಾವ ಮೆಟ್ಟಿಲಲ್ಲೂ ನಿಂತಿಲ್ಲ. ಅವಳು ಇವತ್ತು ಹೇಗಿದ್ದಾಳೆ ಅಂತ ಅವಳನ್ನೇ ಕೇಳಿ.

ಕೋಪದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ವಯಸ್ಸಿನಲ್ಲಿ ದುಃಖ ಹೊರಗೆ ಬರುವುದು ಹೆಚ್ಚಾಗಿ ಕೋಪವಾಗಿ. ಬಾಗಿಲು ಧಡಾರನೆ ಹಾಕುವುದು, ತಟ್ಟೆ ತಳ್ಳುವುದು, ತಂಗಿಯ ಮೇಲೆ ರೇಗುವುದು. ಕೆಲವರಿಗೆ ತಲೆನೋವು, ಹೊಟ್ಟೆನೋವು. ಓದಿದ್ದು ತಲೆಗೆ ಹತ್ತುವುದಿಲ್ಲ, ಅಂಕ ಇಳಿಯುತ್ತದೆ. ಆಗಲೇ ನಮ್ಮ ಮನೆಗಳಲ್ಲಿ ಒಂದು ಮಾತು ಬರುತ್ತದೆ, “ನಿಮ್ಮಪ್ಪನ ಆಸೆ ಏನಿತ್ತು ಗೊತ್ತಲ್ಲ?” ಇದು ಭಾರವಾದ ಮಾತು. ಇದನ್ನು ಹೇಳಿಸಿಕೊಂಡ ಮಕ್ಕಳಿಗೆ ಅಂಕ ಕಡಿಮೆ ಬಂದರೆ ಅಪ್ಪನಿಗೆ ಎರಡನೇ ಸಲ ಮೋಸ ಮಾಡಿದಂತೆ ಅನಿಸುತ್ತದೆ. ಅದರ ಬದಲು ಕ್ಲಾಸ್ ಟೀಚರನ್ನು ಹೋಗಿ ನೋಡಿ. ಮನೆಯಲ್ಲಿ ಆದದ್ದನ್ನು ಹೇಳಿ. ಒಂದು ವರ್ಷ ಅಂಕ ಹಿಂದೆ ಬಿದ್ದರೆ ಬೀಳಲಿ.

ಕೋಪದ ಕೆಳಗೆ ಎಷ್ಟೋ ಸಲ ತಪ್ಪಿತಸ್ಥ ಭಾವನೆ ಇರುತ್ತದೆ. 15 ವರ್ಷದ ಒಬ್ಬ ಹುಡುಗ ನಾಲ್ಕು ಭೇಟಿಯಲ್ಲಿ ಸುಮ್ನೆ ಕೂತಿದ್ದ. ಐದನೇ ಸಲ ನೆಲ ನೋಡುತ್ತಾ ಹೇಳಿದ, “ಹಿಂದಿನ ರಾತ್ರಿ ಹೇರ್‌ಕಟ್ ವಿಷಯಕ್ಕೆ ಜಗಳ ಆಡಿದ್ದೆ. ಅದರಿಂದಲೇ ಅಪ್ಪನಿಗೆ ಬಿಪಿ ಜಾಸ್ತಿ ಆಗಿದ್ದು.” ಎಂಟು ತಿಂಗಳು ಅದನ್ನು ಒಬ್ಬನೇ ಹೊತ್ತಿದ್ದ. ಮಕ್ಕಳು ಹೀಗೆ ಹೇಳಿದಾಗ “ಛೆ, ಹಾಗೆಲ್ಲ ಅಂದ್ಕೋಬೇಡ” ಅಂತ ತಕ್ಷಣ ಬಾಯಿ ಮುಚ್ಚಿಸಬೇಡಿ. ಮೊದಲು ಪೂರ್ತಿ ಹೇಳಲು ಬಿಡಿ. ಆಮೇಲೆ ಡಾಕ್ಟರು ಏನು ಹೇಳಿದರು, ಕಾಯಿಲೆ ಎಷ್ಟು ವರ್ಷದಿಂದ ಇತ್ತು ಅಂತ ಇರುವುದನ್ನು ಇದ್ದ ಹಾಗೆ ತಿಳಿಸಿ. ಸಾವಿನ ಕಾರಣ ಆತ್ಮಹತ್ಯೆಯೇ ಆಗಿದ್ದರೂ ಮುಚ್ಚಿಡಬೇಡಿ. ಬೀದಿಯಲ್ಲಿ ಯಾರೋ ಹೇಳಿ ಗೊತ್ತಾಗುವ ಮೊದಲು ನಿಮ್ಮಿಂದ ಗೊತ್ತಾಗಲಿ.

ಹಳೆಯ ದುಃಖ ಹೊಸದಾಗಿ ಬರುವುದೂ ಉಂಟು. 2021ರ ಕೋವಿಡ್ ಅಲೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಚಿಕ್ಕ ಮಕ್ಕಳು ಈಗ ಹದಿಹರೆಯದಲ್ಲಿದ್ದಾರೆ. ಎಷ್ಟೋ ಮಕ್ಕಳು ಕೊನೆಗೆ ಮುಖ ಕೂಡ ನೋಡಲಿಲ್ಲ. ಆಗ ಅತ್ತು ಸುಮ್ಮನಾದ ಮಗು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಮೊದಲ ಸಲ ಮುಟ್ಟಾದ ದಿನ ಮತ್ತೆ ಕುಸಿಯಬಹುದು. ಮಕ್ಕಳು ಬೆಳೆದಂತೆ ತಾವು ಕಳೆದುಕೊಂಡಿದ್ದು ಎಷ್ಟು ಅನ್ನುವುದು ಹೊಸದಾಗಿ ಅರ್ಥವಾಗುತ್ತದೆ. “ಇಷ್ಟು ವರ್ಷ ಆದ್ಮೇಲೆ ಇದೇನು?” ಅಂತ ಕೇಳಬೇಡಿ.

ಹೋದವರ ಹೆಸರು ಮನೆಯಲ್ಲಿ ಓಡಾಡುತ್ತಿರಲಿ. “ಅಪ್ಪ ಇದ್ದಿದ್ರೆ ಈ ಸಾರಿಗೆ ಇನ್ನೊಂಚೂರು ಹುಳಿ ಕೇಳ್ತಿದ್ರು” ಅನ್ನುವ ಒಂದು ಮಾತು ಸಾಕು, ಮಗುವಿಗೆ ಬಾಯಿ ತೆರೆಯಲು ಅನುಮತಿ ಸಿಕ್ಕಿದಂತೆ. ಸತ್ತವರ ಜೊತೆಗಿನ ನಂಟನ್ನು ಕಡಿದುಕೊಂಡರೇ ದುಃಖ ಮುಗಿಯುತ್ತದೆ ಅಂತ ಮನಶ್ಶಾಸ್ತ್ರದಲ್ಲಿ ಬಹಳ ಕಾಲ ನಂಬಿದ್ದರು. ಈಗ ಹಾಗೆ ಹೇಳುವುದಿಲ್ಲ. ನಂಟು ರೂಪ ಬದಲಿಸಿ ಉಳಿಯುತ್ತದೆ, ಉಳಿಯಬೇಕು. ನಮ್ಮಲ್ಲಿ ಪಿತೃಪಕ್ಷಕ್ಕೆ ಎಡೆ ಇಡುವವರಿಗೆ ಇದು ಹೊಸದಲ್ಲ, ಅಲ್ವಾ? ಎಡೆಗೆ ಏನೇನು ಇಡಬೇಕು ಅಂತ ಮಕ್ಕಳನ್ನೇ ಕೇಳಿ. ಅಪ್ಪನಿಗೆ ಇಷ್ಟವಿದ್ದ ಬೋಂಡಾವೋ, ಕೋಳಿ ಸಾರೋ, ಅವರೇ ಹೇಳಲಿ. “ಹೆಣ್ಣುಮಕ್ಕಳು ಬರಬಾರದು ಅಂತ ನನ್ನ ಸ್ಮಶಾನಕ್ಕೆ ಕರ್ಕೊಂಡು ಹೋಗಲೇ ಇಲ್ಲ” ಅಂತ ವರ್ಷಗಳ ನಂತರವೂ ಅಳುವ ಹುಡುಗಿಯರನ್ನು ನೋಡಿದ್ದೇನೆ. ಬರಬೇಕೋ ಬೇಡವೋ ಅಂತ ಅವಳನ್ನು ಒಂದು ಮಾತು ಕೇಳಬಹುದಿತ್ತು.

ಮಕ್ಕಳ ಮುಂದೆ ಅಳಬಹುದಾ? ಅಳಬಹುದು. “ಇವತ್ತು ನಿಮ್ಮಪ್ಪನ ನೆನಪು ಜಾಸ್ತಿ ಆಯ್ತು, ಸ್ವಲ್ಪ ಹೊತ್ತಿಗೆ ಸರಿ ಹೋಗ್ತೀನಿ” ಅಂತ ಹೇಳಿ ಅಳಿ. ಆದರೆ ಸಾಲದ ಲೆಕ್ಕ, ಆಸ್ತಿಯ ತಗಾದೆ, “ನಾನ್ಯಾಕೆ ಬದುಕಿದ್ದೀನೋ” ಅನ್ನುವ ಮಾತು ಮಗುವಿನ ಮಡಿಲಿಗೆ ಹಾಕಬೇಡಿ. ಅದಕ್ಕೆ ಅಕ್ಕ, ಗೆಳತಿ, ಕೌನ್ಸೆಲರ್, ಯಾರಾದರೂ ಒಬ್ಬ ದೊಡ್ಡವರು ನಿಮಗೆ ಬೇಕು.

ಕೆಲವೊಂದು ಕಂಡರೆ ಕಾಯಬೇಡಿ. ವಾರಗಟ್ಟಲೆ ಶಾಲೆಗೆ ಹೋಗದಿರುವುದು, ಗೆಳೆಯರನ್ನೂ ಬಿಟ್ಟುಬಿಡುವುದು, ಕುಡಿತ, ಕೈ ಕೊಯ್ದುಕೊಳ್ಳುವುದು, “ನಾನೂ ಅಪ್ಪನ ಹತ್ರ ಹೋಗ್ತೀನಿ” ಅನ್ನುವುದು. ಆಗ ನೇರವಾಗಿ ಕೇಳಿ, “ಸಾಯಬೇಕು ಅನ್ನಿಸ್ತಿದೆಯಾ ಕಂದಾ?” ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುವುದಿಲ್ಲ. ಕೇಳಿದಾಗ ಮಕ್ಕಳಿಗೆ ನಿರಾಳವಾಗುವುದನ್ನೇ ನಾನು ನೋಡಿದ್ದೇನೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಹೊಲಕ್ಕೆ ತಂದ ಕೀಟನಾಶಕವನ್ನು ಅವತ್ತೇ ಬೀಗ ಹಾಕಿಡಿ ಅಥವಾ ಬೇರೆ ಮನೆಗೆ ಸಾಗಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಇಂಥ ಅಪಾಯ ಕಾಣದಿದ್ದರೂ, ಆರು ತಿಂಗಳು ಕಳೆದ ಮೇಲೂ ದುಃಖ ಒಂಚೂರೂ ಸಡಿಲವಾಗದೆ ದಿನದ ಬದುಕೇ ನಿಂತುಹೋಗಿದ್ದರೆ ಅದಕ್ಕೂ ಚಿಕಿತ್ಸೆ ಇದೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ. ಫೋನ್ ಆಫ್ ಮಾಡಬೇಡಿ, ರೀಚಾರ್ಜ್ ನಿಲ್ಲಿಸಬೇಡಿ. ರಾತ್ರಿ ಏಕಾಏಕಿ ಎತ್ತಿಬಿಡಲೂ ಬೇಡಿ, ಹುಡುಗಿ ಹೆದರಿಕೊಂಡಾಳು. ಭಾನುವಾರ ಹಾಸ್ಟೆಲಿಗೆ ಹೋಗಿ, ಆ ಫೋನನ್ನೂ ಒಯ್ಯಿರಿ, ನಿಮಗೆ ಗೊತ್ತಿದೆ ಅಂತ ಹೇಳಿ.

ಎರಡು ವಾರ ಬಿಟ್ಟು ಬಂದರು. ಹಾಸ್ಟೆಲಿನ ಗೇಟಿನ ಪಕ್ಕ ಕಲ್ಲುಬೆಂಚಿನ ಮೇಲೆ ಕೂತು, ಚಕ್ಕುಲಿ ಡಬ್ಬಿಯ ಜೊತೆ ಫೋನನ್ನೂ ಮಗಳ ಕೈಗೆ ಕೊಟ್ಟು, “ನೀನು ದಿನಾ ಮಾಡೋದು ನಂಗೊತ್ತು ಪುಟ್ಟಿ” ಅಂದರಂತೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಅಂದಳಂತೆ:

“ನಂಗೂ ಗೊತ್ತಿತ್ತಮ್ಮ. ನೀನು ಚಾರ್ಜಿಗೆ ಹಾಕದೆ ಅದು ರಿಂಗ್ ಆಗುತ್ತಾ?”