ಕ್ಷಯದ ಬ್ಯಾಕ್ಟೀರಿಯಾದ ಹದಿಮೂರು ಸಿಗ್ಮಾಗಳು

ಕ್ಷಯದ ಸಂಶೋಧನೆಯ ಸುದ್ದಿ ಓದುವವರಿಗೆ ಸಿಗ್-ಎಫ್, ಸಿಗ್-ಎಚ್, ಸಿಗ್-ಕೆ ಅಂತ ಹೆಸರುಗಳು ಆಗಾಗ ಎದುರಾಗುತ್ತವೆ. ಪ್ರತಿ ಸಲವೂ 'ರೋಗದ ಗುಟ್ಟು ಸಿಕ್ಕಿತು' ಅನ್ನೋ ಧಾಟಿ. ಹಾಗಾದರೆ ಗುಟ್ಟುಗಳು ಎಷ್ಟಿವೆ?

ಜೀನ್ ಓದಿ ಆರ್‌ಎನ್‌ಎ ತಯಾರಿಸುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಎಲ್ಲಿಂದ ಓದಬೇಕು ಅಂತ ಅದಕ್ಕೆ ತಾನಾಗಿ ತಿಳಿಯದು. ಸಿಗ್ಮಾ ಎಂಬ ಪ್ರೋಟೀನ್ ಬಂದು ಅಂಟಿಕೊಂಡು ಜಾಗ ತೋರಿಸಬೇಕು. ಸಿಗ್ಮಾ ಬದಲಾದರೆ ಓದುವ ಜೀನ್‌ಗಳೂ ಬದಲಾಗುತ್ತವೆ. ಇದು 1969ರಲ್ಲಿ ಕರುಳಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಗೊತ್ತಾಯಿತು. 1998ರಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ ಓದಿದಾಗ ಅದರಲ್ಲಿ 13 ಸಿಗ್ಮಾಗಳು ಕಂಡವು. ಸಿಗ್-ಎಫ್, ಸಿಗ್-ಎಚ್ ಎಲ್ಲ ಇವುಗಳ ಹೆಸರೇ. ಇ. ಕೋಲೈಗೆ ಏಳೇ ಏಳು.

ಅಷ್ಟರಲ್ಲೇ, 1996ರಲ್ಲಿ, ಸಿಗ್-ಎಫ್ ಭಾರೀ ಆಸೆ ಹುಟ್ಟಿಸಿತ್ತು. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಬೀಜಕಣ (ಕಷ್ಟಕಾಲ ಕಳೆಯಲು ತಾಳುವ ಗಟ್ಟಿ, ನಿದ್ರಿಸುವ ರೂಪ) ಮಾಡಿಸುವ ಸಿಗ್ಮಾಗೆ ಅದು ಹೋಲುತ್ತಿತ್ತು. ಕ್ಷಯದ ಬ್ಯಾಕ್ಟೀರಿಯಾ ದೇಹದಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗುವುದು ಇದರಿಂದಲೇ ಇರಬೇಕು ಎಂಬ ಊಹೆ ಎದ್ದಿತು. ಅದನ್ನು ತೆಗೆದುಹಾಕಿದ ಬ್ಯಾಕ್ಟೀರಿಯಾದ ರೋಗ ತರುವ ಶಕ್ತಿ ಇಲಿಗಳಲ್ಲಿ ತಗ್ಗಿತು, ನಿಜ. ಆದರೆ ಮಲಗಿಸುವ ಒಂದೇ ಸ್ವಿಚ್ ಅಂತ ಹೇಳುವಷ್ಟು ಸಾಕ್ಷಿ ಅದರಲ್ಲಿ ಇರಲಿಲ್ಲ.

ನನಗೆ ಹೆಚ್ಚು ಕುತೂಹಲ ತಂದದ್ದು ಆಮೇಲಿನ ಫಲಿತಾಂಶ. ಸಿಗ್-ಎಚ್ ಇಲ್ಲದ ಬ್ಯಾಕ್ಟೀರಿಯಾ ಇಲಿಯ ಶ್ವಾಸಕೋಶದಲ್ಲಿ ಮಾಮೂಲಿನಷ್ಟೇ ಬೆಳೆಯಿತು, ಆದರೆ ಹಾನಿ ಕಡಿಮೆ. ಸಿಗ್-ಸಿ ಇಲ್ಲದ್ದೂ ಚೆನ್ನಾಗಿಯೇ ಬೆಳೆದರೂ ಇಲಿಗಳು ಜಾಸ್ತಿ ದಿನ ಬದುಕಿದವು. ಅಂದರೆ ಬ್ಯಾಕ್ಟೀರಿಯಾ ಎಷ್ಟಿವೆ ಅನ್ನೋದೊಂದೇ ಲೆಕ್ಕವಲ್ಲ, ದೇಹವನ್ನು ಅವು ಎಷ್ಟು ಕೆರಳಿಸುತ್ತವೆ ಅನ್ನೋದೂ ಮುಖ್ಯ, ಅಲ್ವಾ? ಇದಕ್ಕೆ 'ಸ್ವಿಚ್' ಕಥೆಗೆ ಸಿಕ್ಕಷ್ಟು ಪ್ರಚಾರ ಸಿಗಲಿಲ್ಲ.

ಇನ್ನೊಂದು ತೊಡಕು: ಹಲವು ಸಿಗ್ಮಾಗಳನ್ನು ಹಿಡಿದು ಕಟ್ಟಿಹಾಕುವ ಆ್ಯಂಟಿ-ಸಿಗ್ಮಾ ಪ್ರೋಟೀನ್‌ಗಳೂ ಇವೆ. ಸಿಗ್-ಕೆಯನ್ನು ಹಿಡಿಯುವುದು ಆರ್‌ಎಸ್‌ಕೆ-ಎ. ಆ ಹಿಡಿತ ಯಾವಾಗ ಸಡಿಲವಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2014ರಲ್ಲಿ ಅಣುರಚನೆಯ ಮೂಲಕ ವಿವರಿಸಿತು. ಸಿಗ್-ಕೆಯಲ್ಲಿರುವ ಎರಡು ಸಿಸ್ಟೀನ್‌ಗಳ (ಗಂಧಕವಿರುವ ಅಮೈನೋ ಆಮ್ಲ) ನಡುವಿನ ಗಂಧಕದ ಕೊಂಡಿ ಬಿಟ್ಟರೆ ಹಿಡಿತವೂ ಬಿಡುತ್ತದೆ.

ಕ್ಷಯಕ್ಕೆ ಕೊಡುವ ಬಿಸಿಜಿ ಲಸಿಕೆಗೂ ಸಿಗ್-ಕೆಗೂ ನಂಟಿದೆ. ಈ ಲಸಿಕೆಯ ಬ್ಯಾಕ್ಟೀರಿಯಾ ಪ್ಯಾರಿಸ್‌ನಿಂದ ಬೇರೆ ಬೇರೆ ದೇಶಗಳಿಗೆ ಹೋಗಿ ಬೇರೆ ಬೇರೆ ತಳಿಗಳಾದವು. 1920ರ ದಶಕದ ಮಧ್ಯದಲ್ಲಿ ಪ್ಯಾರಿಸ್ ಬಿಟ್ಟ ರಷ್ಯಾ, ಜಪಾನ್ ತಳಿಗಳಲ್ಲಿ ಸಿಗ್-ಕೆಯ ಜೀನ್ ಸರಿಯಾಗಿದೆ. ಆಮೇಲೆ ಹೋದ ಡೆನ್ಮಾರ್ಕ್ ತಳಿಯಲ್ಲಿ ಜೀನ್ ಶುರುವಾಗುವ ಕಡೆಯೇ ಒಂದಕ್ಷರ ಬದಲಾಗಿದೆ. ಅದರಿಂದ ಸಿಗ್-ಕೆ ತಯಾರು ಮಾಡಿಸುವ ಎಂಪಿಟಿ-70, ಎಂಪಿಟಿ-83 ಎಂಬ ಪ್ರೋಟೀನ್‌ಗಳು ಅದರಲ್ಲಿ ತೀರಾ ಕಡಿಮೆ. ಎರಡೂ ಬಗೆಯ ತಳಿಗಳು ಲಸಿಕೆಯಾಗಿ ಬಳಕೆಯಲ್ಲಿವೆ. ಯಾವುದು ಮೇಲು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.